ಅರವತ್ತು ಡಿಗ್ರಿಯ ಕೋಲು, ಗರಿಕೆಯ ನೆಲ

ಗಾಲ್ಫ್ ಸಾಮಾನಿನ ಅಂಗಡಿಗೆ ವೆಡ್ಜ್ ಕೊಳ್ಳಲು ಬಂದವರು ಸಾಮಾನ್ಯವಾಗಿ ಕೇಳುವುದು ಒಂದೇ ಅಂಕಿಯನ್ನು. 56 ಇದೆಯಾ, 60 ಇದೆಯಾ? 60 ಕೈಗೆ ಬಂದಮೇಲೆ ಅದರ ಮುಖವನ್ನು ಬೆಳಕಿಗೆ ಹಿಡಿದು ನೋಡುತ್ತಾರೆ, ಗೀರುಗಳ ಮೇಲೆ ಉಗುರಾಡಿಸುತ್ತಾರೆ, ಗಾಳಿಯಲ್ಲಿ ಎರಡು ಸಲ ಬೀಸಿ ಬಿಲ್ ಮಾಡಿಸುತ್ತಾರೆ. ತಿರುಗಿಸಿ ಅಡಿ ನೋಡುವವರು ಕಡಿಮೆ. ಅಲ್ಲಿ, ಅಡಿಯಲ್ಲಿ, ಹಲವು ಕಂಪನಿಗಳ ವೆಡ್ಜ್‌ಗಳಲ್ಲಿ ಇನ್ನೊಂದು ಅಂಕಿ ಕೊರೆದಿರುತ್ತದೆ. 4 ಇರಬಹುದು, 8 ಇರಬಹುದು, 10 ಅಥವಾ 12 ಇರಬಹುದು. ಕೊಂಡ ಕೋಲು ಕೈಗೆ ಒಗ್ಗುತ್ತದೋ, ನಾಲ್ಕು ವಾರದಲ್ಲಿ ಬ್ಯಾಗಿನ ಮೂಲೆ ಸೇರುತ್ತದೋ ಎನ್ನುವುದನ್ನು ಬಹುಮಟ್ಟಿಗೆ ತೀರ್ಮಾನಿಸುವುದು ಈ ಎರಡನೆಯ ಅಂಕಿ.

ಗಾಲ್ಫ್ ಆಡದ ಓದುಗರಿಗೆ ನಾಲ್ಕು ಮಾತು ಹೇಳಿ ಮುಂದುವರಿಯುತ್ತೇನೆ. ಕ್ಲಬ್ಬಿನ ಮುಖ ಹಿಂದಕ್ಕೆ ಎಷ್ಟು ವಾಲಿದೆ ಎಂಬುದರ ಅಳತೆ ಲಾಫ್ಟ್. ಬಹುದೂರ ಹೊಡೆಯುವ ಡ್ರೈವರ್‌ಗೆ ಅದು 10 ಡಿಗ್ರಿಯ ಆಸುಪಾಸು. ಚೆಂಡು ಗುಳಿಯಿರುವ ಗ್ರೀನ್ ಸಮೀಪಿಸಿದಂತೆ ಕೋಲು ಗಿಡ್ಡವಾಗುತ್ತದೆ, ಲಾಫ್ಟ್ ಹೆಚ್ಚುತ್ತದೆ. ಪಿಚಿಂಗ್ ವೆಡ್ಜ್ 44ರಿಂದ 48, ಮರಳುಗುಳಿಗೆಂದೇ ಹುಟ್ಟಿದ ಸ್ಯಾಂಡ್ ವೆಡ್ಜ್ 54ರಿಂದ 56. ಅದರಾಚೆ 58, 60, ಅಪರೂಪಕ್ಕೆ 64 ಡಿಗ್ರಿಯದೇ ಲಾಬ್ ವೆಡ್ಜ್. ಇದರ ಮುಖ ಹೆಚ್ಚುಕಡಿಮೆ ಆಕಾಶ ನೋಡುತ್ತಿರುತ್ತದೆ. ಚೆಂಡು ಸರ್ರನೆ ಮೇಲೇರಿ, ಮೆತ್ತಗೆ ಇಳಿದು, ಇಳಿದಲ್ಲೇ ನಿಲ್ಲಬೇಕು ಎನ್ನುವಾಗ ಇದಕ್ಕೆ ಕೈ ಹೋಗುತ್ತದೆ. ಒಬ್ಬ ಆಟಗಾರ 14ಕ್ಕಿಂತ ಹೆಚ್ಚು ಕ್ಲಬ್ ಒಯ್ಯುವಂತಿಲ್ಲ. ಅಮೆರಿಕದಲ್ಲಿ 1938ರಿಂದ ಈ ನಿಯಮವಿದೆ. ಹಾಗಾಗಿ ಲಾಬ್ ವೆಡ್ಜ್ ಒಳಗೆ ಬಂದರೆ ಬೇರೆ ಯಾವುದೋ ಒಂದು ಹೊರಗೆ ಹೋಗಬೇಕು. ಅದಕ್ಕೆ ಕೊಟ್ಟ ಜಾಗ ದುಬಾರಿ.

ಈಗ ಅಡಿಯ ವಿಚಾರ. ಅದಕ್ಕೆ ಅಮೆರಿಕದ ಫ್ಲಾರಿಡಾಕ್ಕೆ, 1931ರ ಸುಮಾರಿಗೆ ಹೋಗಬೇಕು.

ಜೀನ್ ಸಾರಜೆನ್ ಆಗಲೇ ಹೆಸರು ಮಾಡಿದ್ದ ಆಟಗಾರ. ಮರಳು ಮಾತ್ರ ಅವರನ್ನು ಕಾಡುತ್ತಿತ್ತು. ಆ ಕಾಲದಲ್ಲಿ ಬಂಕರ್‌ನಿಂದ ಎತ್ತಲು ಬಳಸುತ್ತಿದ್ದ ನಿಬ್ಲಿಕ್ ಎಂಬ ಕ್ಲಬ್ಬಿಗೆ ಲಾಫ್ಟ್ ಇತ್ತು, ಆದರೆ ಕೆಳ ಅಂಚು ಚೂಪಾಗಿದ್ದರಿಂದ ಮರಳಿನಲ್ಲಿ ಹೂತುಹೋಗುತ್ತಿತ್ತು. ವಿಮಾನ ಹಾರಿಸುವುದನ್ನು ಕಲಿಯುತ್ತಿದ್ದ ದಿನಗಳಲ್ಲಿ, ಬಾಲದ ಪಟ್ಟಿಯನ್ನು ಸರಿಸಿದಾಗ ವಿಮಾನದ ಮೂತಿ ಮೇಲೇಳುವುದನ್ನು ಕಂಡು ತಮಗೆ ಯೋಚನೆ ಹೊಳೆಯಿತು ಎಂದು ಅವರೇ ಮುಂದೆ ಹೇಳಿಕೊಂಡರು. ನಿಬ್ಲಿಕ್‌ನ ಅಡಿಗೆ, ಹಿಂಬದಿಯಲ್ಲಿ, ಸೀಸ ಕರಗಿಸಿ ಬೆಸೆದರು; ಉಜ್ಜಿದರು; ಮತ್ತೆ ಬೆಸೆದರು. ಕೊನೆಗೆ ಕ್ಲಬ್ಬಿನ ಹಿಂಭಾಗ ಮುಂದಿನ ಅಂಚಿಗಿಂತ ಕೆಳಗೆ ಬಂತು. ಈಗ ಬೀಸಿದರೆ ಮರಳಿಗೆ ಮೊದಲು ತಾಗುವುದು ಉಬ್ಬಿದ ಹೊಟ್ಟೆ. ಕ್ಲಬ್ ಹೂತುಕೊಳ್ಳದೆ ಜಾರಿ ಹೊರಗೆ ಬರತೊಡಗಿತು. 1932ರಲ್ಲಿ ಇಂಗ್ಲೆಂಡಿನ ಪ್ರಿನ್ಸಸ್ ಅಂಗಳದಲ್ಲಿ ನಡೆದ ಬ್ರಿಟಿಷ್ ಓಪನ್‌ಗೆ ಅದನ್ನು ಒಯ್ದರು. ಅಧಿಕಾರಿಗಳು ನೋಡಿ ಬೇಡವೆಂದುಬಿಟ್ಟಾರು ಎಂದು ಮುಚ್ಚಿಟ್ಟುಕೊಂಡೇ ಓಡಾಡಿದರಂತೆ. ಆ ಓಪನ್ ಗೆದ್ದದ್ದು ಸಾರಜೆನ್, ಐದು ಹೊಡೆತಗಳ ಅಂತರದಲ್ಲಿ.

ಅವರ ಅಂಜಿಕೆಗೆ ಕಾರಣವಿತ್ತು. ಮರಳಿಗೆಂದು ಮುಖವನ್ನೇ ಬಟ್ಟಲಿನಂತೆ ತಗ್ಗು ಮಾಡಿದ್ದ ಇನ್ನೊಂದು ಬಗೆಯ ವೆಡ್ಜ್ ಅದಕ್ಕೂ ಸ್ವಲ್ಪ ಮೊದಲು ಬಂದಿತ್ತು. 1930ರಲ್ಲಿ ಹೆಸರಾಂತ ಆಟಗಾರ ಬಾಬಿ ಜೋನ್ಸ್ ಕೂಡ ಅದನ್ನು ಬಳಸಿದ್ದರು. ಚೆಂಡನ್ನು ಎರಡು ಸಲ ತಾಗುತ್ತದೆಂದು 1931ರಲ್ಲಿ ಅದು ನಿಷೇಧವಾಯಿತು. ಮುಖ ತಿದ್ದಲು ಹೋದದ್ದು ಕಾನೂನಿನ ಹೊರಗೆ ಬಿತ್ತು, ಅಡಿ ತಿದ್ದಿದ್ದು ಉಳಿಯಿತು. ಇಂದು ಜಗತ್ತಿನಲ್ಲಿ ಮಾರಾಟವಾಗುವ ಪ್ರತಿ ವೆಡ್ಜ್‌ನ ವಂಶದ ಮೂಲ ಆ ಬೆಸುಗೆಯಲ್ಲಿದೆ.

ಆ ಹೊಟ್ಟೆಯ ಅಳತೆಗೆ ಬೌನ್ಸ್ ಎಂದು ಹೆಸರು. ಕ್ಲಬ್ಬನ್ನು ನೇರವಾಗಿ ನಿಲ್ಲಿಸಿದರೆ ಅದರ ಮುಂದಿನ ಅಂಚು ನೆಲದಿಂದ ಸ್ವಲ್ಪ ಎದ್ದಿರುತ್ತದೆ. ಅಡಿ ಮತ್ತು ನೆಲದ ನಡುವಿನ ಆ ಕೋನವೇ ಬೌನ್ಸ್. ದೋಸೆ ಮಗುಚುವವರ ಕೈ ಗಮನಿಸಿದರೆ ಇದು ಕ್ಷಣದಲ್ಲಿ ಅರ್ಥವಾಗುತ್ತದೆ: ಮಗುಚುವ ಕೈಯ ಅಂಚನ್ನು ಕಾವಲಿಗೆ ಕಡಿದಾಗಿ ಚುಚ್ಚಿದರೆ ದೋಸೆ ಹರಿಯುತ್ತದೆ, ಮಲಗಿಸಿ ಜಾರಿಸಿದರೆ ಇಡಿಯಾಗಿ ಏಳುತ್ತದೆ. ವೆಡ್ಜ್ ಚೆಂಡಿನ ಕೆಳಗೆ ಮಾಡಬೇಕಾದ ಕೆಲಸ ಆ ಜಾರಿಕೆ. ಬೌನ್ಸ್ ಇರುವುದೇ ಅದಕ್ಕೆ.

ಹೀಗಿದ್ದರೂ ಆಟಗಾರರ ಮನಸ್ಸು ಮುಖದ ಲಾಫ್ಟ್‌ನಲ್ಲೇ ನೆಟ್ಟಿರುವುದಕ್ಕೆ ಒಂದು ಕಥೆಯಿದೆ. ಬಹುಕಾಲದವರೆಗೆ ವೃತ್ತಿಪರರ ಬ್ಯಾಗಿನಲ್ಲಿ ಇರುತ್ತಿದ್ದುದು ಎರಡೇ ವೆಡ್ಜ್, ಪಿಚಿಂಗ್ ಮತ್ತು ಸ್ಯಾಂಡ್. ಅಲ್ಲಿಗೆ ಮೂರನೆಯದನ್ನು ತಂದವರಲ್ಲಿ ಡೇವ್ ಪೆಲ್ಜ್ ಮುಖ್ಯರು. ಕಾಲೇಜು ದಿನಗಳಲ್ಲಿ ಜ್ಯಾಕ್ ನಿಕ್ಲಸ್ ಎದುರು ಸೋತು ಸೋತು, ಆಟಗಾರನಾಗುವ ಆಸೆ ಬಿಟ್ಟು, ನಾಸಾದ ಗೊಡಾರ್ಡ್ ಕೇಂದ್ರದಲ್ಲಿ ವಿಜ್ಞಾನಿಯಾದವರು ಅವರು. ಗಾಲ್ಫ್ ಅವರನ್ನು ಬಿಡಲಿಲ್ಲ. ಟೂರ್ನಿಗಳಲ್ಲಿ ಹಗ್ಗದ ಪಕ್ಕ ನಡೆಯುತ್ತ, ವೃತ್ತಿಪರರ ಒಂದೊಂದೇ ಹೊಡೆತ ಗುರಿಯಿಂದ ಎಷ್ಟು ತಪ್ಪಿತೆಂದು ಬರೆದುಕೊಂಡರು. ಉದ್ದದ ಹೊಡೆತಗಳಲ್ಲಿ ಎಲ್ಲರೂ ಹತ್ತಿರ ಹತ್ತಿರ ಒಂದೇ ಮಟ್ಟದವರು. ದೊಡ್ಡ ತಪ್ಪುಗಳಾಗುವುದು ಗ್ರೀನ್‌ನಿಂದ 100 ಗಜದ ಒಳಗೆ, ಹಣ ಗೆಲ್ಲುವವನನ್ನೂ ಉಳಿದವರನ್ನೂ ಬೇರ್ಪಡಿಸುವುದೂ ಅಲ್ಲೇ ಎಂಬುದು ಅವರಿಗೆ ಸಿಕ್ಕ ಉತ್ತರ. ಆ ಜಾಗದಲ್ಲಿ ಅರ್ಧ ಬೀಸು, ಕಾಲು ಬೀಸು ಎಂದು ಅಂದಾಜಿನಲ್ಲಿ ಹೊಡೆಯುವ ಬದಲು ಇನ್ನೊಂದು ಹೆಚ್ಚಿನ ಲಾಫ್ಟ್‌ನ ಕ್ಲಬ್ ಇಟ್ಟುಕೊಳ್ಳಿ ಎಂದು ವೃತ್ತಿಪರ ಆಟಗಾರ ಟಾಮ್ ಕೈಟ್‌ಗೆ ಹೇಳಿದರು. 1980ರ ಸುಮಾರಿಗೆ ಕೈಟ್ 60 ಡಿಗ್ರಿಯ ಮೂರನೆಯ ವೆಡ್ಜ್ ಹಿಡಿದರು. 1981ರಲ್ಲಿ ಅಮೆರಿಕದ ಪಿಜಿಎ ಟೂರ್‌ನ ಹಣಗಳಿಕೆ ಪಟ್ಟಿಯ ಮೊದಲ ಹೆಸರು ಅವರದು. ಕೈಟ್ ದೂರ ಹೊಡೆಯುವವರಲ್ಲ, ಎತ್ತರದ ಆಳೂ ಅಲ್ಲ. ಮಿಕ್ಕವರು ಅವರ ಬ್ಯಾಗಿನೊಳಗೆ ಇಣುಕಿ ನೋಡಿದ್ದರಲ್ಲಿ ಆಶ್ಚರ್ಯವಿಲ್ಲ.

1992ರ ಅಮೆರಿಕನ್ ಓಪನ್‌ನ ಕೊನೆಯ ದಿನ ಪೆಬಲ್ ಬೀಚ್‌ನಲ್ಲಿ ಕಡಲಗಾಳಿ ಆಟಗಾರರನ್ನು ಹಣ್ಣು ಮಾಡಿತ್ತು. ಏಳನೆಯ ಹೋಲ್ 107 ಗಜದ್ದು, ಗಾಳಿಯಿಲ್ಲದ ದಿನ ವೃತ್ತಿಪರರು ವೆಡ್ಜ್ ಹಿಡಿಯುವ ದೂರ. ಅಂದು ಕೈಟ್ ಅದಕ್ಕಿಂತ ಬಹಳ ದೂರ ಹೊಡೆಯುವ 6 ಐಯನ್ ಹಿಡಿದರು. ಚೆಂಡು ಗ್ರೀನ್‌ನ ಎಡಕ್ಕೆ ಹೋಯಿತು. ಅಲ್ಲಿಂದ ವೆಡ್ಜ್‌ನಿಂದ ಎತ್ತಿದ ಚೆಂಡು ನೇರವಾಗಿ ಗುಳಿಯೊಳಗೆ ಹೋಯಿತು. ಆ ದಿನ 72ರಲ್ಲಿ ಸುತ್ತು ಮುಗಿಸಿ ತಮ್ಮ ಏಕೈಕ ಮೇಜರ್ ಗೆದ್ದರು.

ಇಂಥ ಒಂದು ಹೊಡೆತ ಟಿ.ವಿ.ಯಲ್ಲಿ ಕಂಡರೆ ಸಾಕು, ಮರುದಿನ ಎಷ್ಟೋ ಜನ 60 ಡಿಗ್ರಿ ಹಿಡಿದು ಅಭ್ಯಾಸಕ್ಕೆ ಬರುತ್ತಾರೆ. ಅಮೆರಿಕದ ಆಟಗಾರ ಫಿಲ್ ಮಿಕಲ್ಸನ್ ಬಂದಮೇಲಂತೂ ಈ ಆಸೆ ಜಗತ್ತಿನಾದ್ಯಂತ ಹರಡಿತು. ಮಾರುದೂರದಲ್ಲಿ ನಿಂತವನ ತಲೆಯ ಮೇಲೆ ಪೂರ್ತಿ ಬೀಸಿನಿಂದ ಚೆಂಡನ್ನು ನೆಟ್ಟಗೆ ಎಬ್ಬಿಸಿ ತೋರಿಸುವ ಧೈರ್ಯ ಅವರದು. ಮಿಕಲ್ಸನ್ ಅದನ್ನು ಬಾಲ್ಯದಿಂದ ಮನೆಯ ಹಿತ್ತಲಿನ ಗ್ರೀನ್‌ನಲ್ಲಿ ರೂಢಿಸಿಕೊಂಡವರು. ವಾರಕ್ಕೊಮ್ಮೆ ಆಡುವವರಿಗೆ ಅದು ಮಾದರಿಯಾಗುವುದು ನನಗೆ ಸರಿ ಕಾಣುವುದಿಲ್ಲ.

ಹೊಡೆತದ ಕ್ಷಣದಲ್ಲಿ ಏನಾಗುತ್ತದೆಂದು ನೋಡಿದರೆ ಕಾರಣ ತಿಳಿಯುತ್ತದೆ. ಚೆಂಡಿಗೂ ಕ್ಲಬ್ಬಿಗೂ ಸಂಪರ್ಕ ಇರುವುದು ಒಂದು ಸೆಕೆಂಡಿನ ಎರಡು ಸಾವಿರ ಭಾಗಗಳಲ್ಲಿ ಒಂದರಷ್ಟು ಹೊತ್ತು. ಅಷ್ಟರೊಳಗೆ ಕೈಯಿಂದ ಏನನ್ನೂ ತಿದ್ದಲಾಗದು. ಇಳಿಜಾರಾದ ಮುಖಕ್ಕೆ ತಾಗಿದ ಚೆಂಡಿಗೆ ಬೀಸಿನ ಬಲ ಎರಡಾಗಿ ಹಂಚಿಹೋಗುತ್ತದೆ. ಒಂದು ಪಾಲು ಅದನ್ನು ಮುಂದಕ್ಕೂ ಮೇಲಕ್ಕೂ ತಳ್ಳುತ್ತದೆ. ಇನ್ನೊಂದು ಪಾಲು ಹಿಂದಕ್ಕೆ ಸುತ್ತುವಂತೆ ಮಾಡುತ್ತದೆ. ಲಾಫ್ಟ್ ಹೆಚ್ಚಿದಷ್ಟೂ ಮುಂದೆ ಹೋಗುವ ಪಾಲು ಕಡಿಮೆ. ವೃತ್ತಿಪರರು ಪಿಚಿಂಗ್ ವೆಡ್ಜ್‌ನಿಂದ ಪೂರ್ತಿ ಹೊಡೆದಾಗ ಚೆಂಡು ನಿಮಿಷಕ್ಕೆ 9,000 ಸುತ್ತಿಗೂ ಮೇಲೆ ತಿರುಗುತ್ತದೆ. ಆ ಸುತ್ತು ಹುಟ್ಟುವುದು ಮುಖಕ್ಕೂ ಚೆಂಡಿಗೂ ನಡುವಿನ ಘರ್ಷಣೆಯಿಂದ. ಲಾಫ್ಟ್ ಒಂದು ಮಟ್ಟ ದಾಟಿದರೆ ಅಥವಾ ನಡುವೆ ನೀರು, ಹುಲ್ಲು ಸಿಕ್ಕಿಕೊಂಡರೆ ಚೆಂಡು ಮುಖದ ಮೇಲೆ ಜಾರಿಬಿಡುತ್ತದೆ. ಆಗ ಇನ್ನೂ ಮೇಲಕ್ಕೆ ಹಾರುತ್ತದೆ, ಸುತ್ತು ಮಾತ್ರ ಕಡಿಮೆ, ಇಳಿದಲ್ಲಿ ನಿಲ್ಲುವುದಿಲ್ಲ. ಇಬ್ಬನಿ ಆರದ ಬೆಳಿಗ್ಗೆ ಆರೂವರೆಗೆ ಆಡಿದ ಹೊಡೆತ, ಹತ್ತು ಗಂಟೆಗೆ ಅದೇ ಜಾಗದಿಂದ ಆಡಿದ ಹೊಡೆತ ಬೇರೆ ಬೇರೆಯಾಗುವುದಕ್ಕೆ ಇದೇ ಕಾರಣ.

ಮುಖದ ಮೇಲಿನ ಗೀರುಗಳ ಕೆಲಸ ಮುಖ್ಯವಾಗಿ ನೀರನ್ನೂ ಹುಲ್ಲಿನ ರಸವನ್ನೂ ಬದಿಗೆ ಸರಿಸುವುದು. ಅವು ಎಷ್ಟು ಚೂಪಿರಬಹುದು ಎನ್ನುವುದರ ಮೇಲೆ ದೊಡ್ಡ ಗಲಾಟೆಗಳೇ ನಡೆದಿವೆ. ರಫ್‌ನಲ್ಲಿ ಉದ್ದ ಹುಲ್ಲಿನಲ್ಲಿ ಬಿದ್ದ ಚೆಂಡಿಗೂ ಒಪ್ಪವಾಗಿ ಕತ್ತರಿಸಿದ ಫೇರ್‌ವೇಯಲ್ಲಿರುವಷ್ಟೇ ಸುತ್ತು ಸಿಗತೊಡಗಿದ್ದರಿಂದ ಚೆಂಡನ್ನು ನೇರ ಹೊಡೆಯುವುದಕ್ಕೆ ಬೆಲೆಯೇ ಇಲ್ಲವಾಯಿತೆಂದು, 2010ರ ಜನವರಿಯಿಂದ ವೃತ್ತಿಪರರಿಗೆ ಗೀರುಗಳ ಅಂಚನ್ನು ಮೊಂಡು ಮಾಡುವ ನಿಯಮ ಬಂತು. ಪಿಂಗ್ ಕಂಪನಿಯ ಐ2 ಕ್ಲಬ್‌ಗಳು ಮಾತ್ರ ಹಳೆಯ ಮೊಕದ್ದಮೆಯೊಂದರ ರಾಜಿಯ ಕಾರಣ ನಿಯಮದ ಹೊರಗುಳಿದಿದ್ದವು. ಆ ವರ್ಷ ಮಿಕಲ್ಸನ್ ಅಂಥ 20 ವರ್ಷ ಹಳೆಯ ವೆಡ್ಜ್ ಹಿಡಿದು ಆಡಿದಾಗ ಜೊತೆಯ ಆಟಗಾರನೊಬ್ಬ ಅದನ್ನು ಮೋಸವೆಂದೇ ಕರೆದ. ಕೆಲವೇ ವಾರಗಳಲ್ಲಿ ಪಿಂಗ್ ತನ್ನ ಹಕ್ಕು ಬಿಟ್ಟುಕೊಟ್ಟಿತು. ನಮ್ಮಂಥವರಿಗೆ ಇದರಿಂದ ತೆಗೆದುಕೊಳ್ಳಲು ಇರುವುದು ಸಣ್ಣ ವಿಷಯ: ಗೀರುಗಳನ್ನು ಶುಚಿಯಾಗಿಡಿ. ಒಳ್ಳೆಯ ಕ್ಯಾಡಿ ಒದ್ದೆ ಟವೆಲಿನಲ್ಲಿ ಒರೆಸಿ, ಟೀಯ ಮೊನೆಯಿಂದ ಗೀರು ಗೀರಿನ ಮಣ್ಣು ಕೆರೆದು ಕೊಡುವುದು ಮರ್ಯಾದೆಗಲ್ಲ, ಚೆಂಡು ನಿಲ್ಲಲೆಂದು.

ಇನ್ನು ನಮ್ಮ ನೆಲಕ್ಕೆ ಬರೋಣ. 1876ರಲ್ಲಿ ಶುರುವಾದ ಬೆಂಗಳೂರು ಗಾಲ್ಫ್ ಕ್ಲಬ್ ಇರಲಿ, ದೊಮ್ಮಲೂರಿನಾಚೆಯ ಕರ್ನಾಟಕ ಗಾಲ್ಫ್ ಅಸೋಸಿಯೇಷನ್ ಇರಲಿ, ಮೈಸೂರಿನ ರೇಸ್‌ಕೋರ್ಸ್ ಬದಿಯ ಅಂಗಳವಿರಲಿ, ದಕ್ಷಿಣದ ಗಾಲ್ಫ್ ಅಂಗಳಗಳಲ್ಲಿ ಬೆಳೆಯುವುದು ಬಹುಪಾಲು ಬರ್ಮುಡಾ ಹುಲ್ಲು. ಅದು ಗಣೇಶನಿಗೆ ಏರಿಸುವ ನಮ್ಮ ಗರಿಕೆಯೇ. ಗ್ರೀನ್‌ನಲ್ಲಿ ಹಾಕುವ ಕಿರಿಯೆಲೆಯ ತಳಿಗಳು ಆ ಗರಿಕೆಯನ್ನು ಅದರ ಆಫ್ರಿಕನ್ ದಾಯಾದಿಯೊಂದಿಗೆ ಕೂಡಿಸಿ ಪಡೆದವು. ಗರಿಕೆಯ ಗುಣ ಗದ್ದೆಯ ಬದುವಿನಲ್ಲಿ ಕೂತವರಿಗೆಲ್ಲ ಗೊತ್ತು. ನೆಲಕ್ಕಂಟಿ ಹಬ್ಬುತ್ತದೆ, ಗಿಣ್ಣು ಗಿಣ್ಣಿಗೂ ಬೇರು ಬಿಡುತ್ತದೆ, ಬಳ್ಳಿ ಹಗ್ಗದಷ್ಟು ಬಿಗಿ. ಎಲೆಗಳು ಒಂದು ದಿಕ್ಕಿಗೆ ಒರಗಿರುತ್ತವೆ. ಆ ದಿಕ್ಕಿನಲ್ಲಿ ನೋಡಿದರೆ ಹುಲ್ಲು ಹೊಳೆಯುತ್ತದೆ, ಎದುರಿನಿಂದ ನೋಡಿದರೆ ಕಪ್ಪಾಗಿ ಕಾಣುತ್ತದೆ. ಒರಗಿದ ದಿಕ್ಕಿಗೇ ಆಡುವಾಗ ವೆಡ್ಜ್ ಸಲೀಸಾಗಿ ಜಾರುತ್ತದೆ. ಎದುರು ದಿಕ್ಕಿಗೆ ಆಡುವಾಗ ಅದೇ ಅಂಚನ್ನು ಗರಿಕೆ ಹಿಡಿದು ನಿಲ್ಲಿಸುತ್ತದೆ. ಚೂಪು ಅಂಚಿನ, ಬೌನ್ಸ್ ಕಡಿಮೆಯ ಕ್ಲಬ್ ಇದ್ದರಂತೂ ನೆಲಕ್ಕೆ ಕಚ್ಚಿಕೊಂಡು, ಚೆಂಡು ಎರಡಡಿ ಹೋಗಿ ನಿಲ್ಲುತ್ತದೆ. ಅಮೆರಿಕ, ಬ್ರಿಟನ್ನಿನ ಪುಸ್ತಕಗಳಲ್ಲಿ ಬೇರೆ ಹುಲ್ಲಿಗೆ ಬರೆದ ಸಲಹೆಗಳನ್ನು ಇಲ್ಲಿ ಹಾಗೇ ಇಳಿಸಲಾಗದು ಎನ್ನುವುದಕ್ಕೆ ಇದಕ್ಕಿಂತ ಸಾಕ್ಷಿ ಬೇಡ.

ಮಳೆಯೂ ಲೆಕ್ಕಕ್ಕೆ ಬರುತ್ತದೆ. ಜೂನ್‌ನಿಂದ ಅಕ್ಟೋಬರ್‌ವರೆಗೆ ಕೆಂಪು ಮಣ್ಣು ನೀರು ಕುಡಿದು ಮೆತ್ತಗಿರುವಾಗ ಬೌನ್ಸ್ 10, 12 ಇರುವ ವೆಡ್ಜ್ ನಿಮ್ಮನ್ನು ಕಾಪಾಡುತ್ತದೆ. ಮಾರ್ಚ್, ಏಪ್ರಿಲ್‌ನಲ್ಲಿ ಅದೇ ನೆಲ ಕಲ್ಲಾಗುತ್ತದೆ. ಆಗ ಅದೇ ಹೊಟ್ಟೆ ನೆಲಕ್ಕೆ ಬಡಿದು ಪುಟಿಯುತ್ತದೆ. ಮುಂದಿನ ಅಂಚು ಚೆಂಡಿನ ನಡುವಿಗೆ ಬಡಿಯುತ್ತದೆ. ಹತ್ತು ಗಜ ಹೋಗಬೇಕಾದ ಚೆಂಡು ನೆಲ ಮಟ್ಟದಲ್ಲಿ ಗುಂಡಿನಂತೆ ಗ್ರೀನ್ ದಾಟಿ ಆಚೆಯ ಪೊದೆ ಸೇರುತ್ತದೆ. ಮುಖವನ್ನು ತೆರೆದು, ಅಂದರೆ ಹೊರಕ್ಕೆ ತಿರುಗಿಸಿ, ಹಿಡಿದರೆ ಲಾಫ್ಟ್ ಏರುವುದು ಎಲ್ಲರಿಗೂ ಗೊತ್ತು. ಅದರ ಜೊತೆಗೆ ಬೌನ್ಸ್ ಕೂಡ ಏರುತ್ತದೆ, ಮುಂದಿನ ಅಂಚು ಇನ್ನಷ್ಟು ಮೇಲೇಳುತ್ತದೆ ಎಂಬುದನ್ನು ಬಹಳ ಜನ ಮರೆಯುತ್ತಾರೆ. ಗಟ್ಟಿ ನೆಲದಲ್ಲಿ ಮುಖ ತೆರೆದು, ಚೆಂಡನ್ನು ನೆಟ್ಟಗೆ ಎಬ್ಬಿಸುವ ಫ್ಲಾಪ್ ಹೊಡೆತ ಆಡಲು ಹೋಗುವುದು ಆ ಕಾರಣಕ್ಕೇ ಅಪಾಯದ ಕೆಲಸ.

ಏಪ್ರಿಲ್‌ನ ಒಂದು ಬೆಳಿಗ್ಗೆ ಇದನ್ನು ಒಬ್ಬ ಹಿರಿಯ ಕ್ಯಾಡಿಯ ಬಾಯಲ್ಲಿ ಕೇಳಿದೆ. ಚೆಂಡು ಗ್ರೀನ್‌ನಿಂದ ಹದಿನೈದು ಗಜ ಹಿಂದೆ ಬೋಳು ನೆಲದ ಮೇಲಿತ್ತು, ನಡುವೆ ಬಂಕರ್. ನಾನು 60ಕ್ಕೆ ಕೈ ಚಾಚಿದೆ. ಅವರು ಚೆಂಡಿನ ಪಕ್ಕ ನಿಂತು, ಹಿಮ್ಮಡಿ ಊರಿ ನೆಲದ ಬಿಗಿ ನೋಡಿದರು.

“ಸಿಕ್ಸ್ಟಿ ಬೇಡ ಸಾರ್. ನೆಲ ಕಲ್ಲಾಗಿದೆ, ಎಗರಿಬಿಡುತ್ತೆ.”

“ನಡುವೆ ಬಂಕರ್ ಇದೆಯಲ್ಲಪ್ಪ, ಎತ್ತಬೇಕಲ್ವಾ?”

“ಪಿನ್ ಕಡೆ ಯಾಕೆ ನೋಡ್ತೀರಾ ಸಾರ್. ಈ ಬಲಗಡೆ ನೋಡಿ, ಬಂಕರ್ ಮುಗೀತು. ನೈನ್ ಐಯನ್ ತಗೊಂಡು ಮೆತ್ತಗೆ ತಳ್ಳಿ, ಉರುಳ್ಕೊಂಡು ಹೋಗ್ಲಿ. ಪಿನ್ನಿಂದ ಹದಿನೈದು ಅಡಿ ಬಿಟ್ರೂ ಎರಡು ಪಟ್ ಸಾಕು.”

ಹೇಳಿದಂತೆ ಆಡಿದೆ, ಎರಡು ಪಟ್‌ನಲ್ಲಿ ಮುಗಿಯಿತು. ಆ ಕ್ಯಾಡಿ ಹಿಮ್ಮಡಿಯಿಂದ ಓದಿದ್ದೇ ಬೌನ್ಸ್‌ನ ಪಾಠ. ಹೀಗೆ ನಿಂತ ಕಾಲಿಂದ ನೆಲ ಅರಿಯುವುದಕ್ಕೆ ಅಡ್ಡಿಯಿಲ್ಲ. ಬಂಕರ್‌ನಲ್ಲಿ ಮಾತ್ರ ಕೈಯಿಂದಲೋ ಕ್ಲಬ್ಬಿನಿಂದಲೋ ಮರಳನ್ನು ಮುಟ್ಟಿ ಪರೀಕ್ಷಿಸುವಂತಿಲ್ಲ. ಅಲ್ಲಿಯೂ ಸರಿಯಾಗಿ ಕಾಲೂರಿ ನಿಲ್ಲುವಾಗ ಪಾದಕ್ಕೆ ತಿಳಿಯುವಷ್ಟು ತಿಳಿಯುತ್ತದೆ.

ನೀರಿನ ಅಭಾವವಿದ್ದ ಹಳೆಯ ಅಂಗಳಗಳಲ್ಲಿ ಗ್ರೀನ್ ಬದಲಿಗೆ ಎಣ್ಣೆ ಬೆರೆಸಿದ ಮರಳಿನ ‘ಬ್ರೌನ್’ ಇರುತ್ತಿದ್ದವು. ಅಲ್ಲಿ ಬೆಳೆದ ಕ್ಯಾಡಿಗಳ ಕೈ ಸಹಜವಾಗಿ ಉರುಳಿಸುವ ಆಟಕ್ಕೆ ಒಗ್ಗಿತ್ತು. ಹುಲ್ಲಿನ ಗ್ರೀನ್ ಬಂದಮೇಲೆ ಎತ್ತಿ ನಿಲ್ಲಿಸುವ ಆಟಕ್ಕೆ ಗೌರವ ಹೆಚ್ಚಿತು. ಉರುಳಿಸುವುದು ಹಳಬರ ಪದ್ಧತಿ ಎಂಬ ಭಾವನೆ ಎಳೆಯರಲ್ಲಿ ಬೇರೂರಿದೆ. ಆದರೆ ಲಾಬ್ ವೆಡ್ಜ್‌ನ ಅತ್ಯಂತ ಪ್ರಸಿದ್ಧ ಹೊಡೆತವೇ ಉರುಳಿದ್ದು. 2005ರ ಮಾಸ್ಟರ್ಸ್‌ನ ಕೊನೆಯ ದಿನ, ಆಗಸ್ಟಾದ 16ನೆಯ ಹೋಲ್‌ನಲ್ಲಿ ಟೈಗರ್ ವುಡ್ಸ್ ಚೆಂಡು ಗ್ರೀನ್‌ನ ಹಿಂದೆ, ರಫ್‌ನ ಅಂಚಿಗೆ ಒತ್ತಿಕೊಂಡು ನಿಂತಿತ್ತು. ಕೈಯಲ್ಲಿದ್ದುದು 60 ಡಿಗ್ರಿ. ಅದನ್ನು ಅವರು ಆಕಾಶಕ್ಕೆ ಎತ್ತಲಿಲ್ಲ. ಕೆಳಗಾಗಿ ಹೊಡೆದು, ಪಿನ್‌ಗೆ ಎಷ್ಟೋ ಎಡಕ್ಕೆ, ಏರಿನ ಮೇಲೆ ತಾವು ಗುರುತು ಹಾಕಿಕೊಂಡಿದ್ದ ಒಂದು ಜಾಗದಲ್ಲಿ ಬೀಳಿಸಿದರು. ಉಳಿದದ್ದನ್ನು ಇಳಿಜಾರು ಮಾಡಿತು. ಚೆಂಡು ತಿರುಗಿಕೊಂಡು ಇಳಿದು, ಗುಳಿಯ ಅಂಚಿನಲ್ಲಿ ಒಂದೆರಡು ಸೆಕೆಂಡು ನಿಂತು, ಒಳಗೆ ಬಿತ್ತು. ಕ್ರಿಸ್ ಡಿಮಾರ್ಕೊ ಅವರನ್ನು ಪ್ಲೇ-ಆಫ್‌ನಲ್ಲಿ ಸೋಲಿಸಿ ವುಡ್ಸ್ ಗೆದ್ದರು. ಅದೇ ಅಂಗಳದಲ್ಲಿ 1987ರಲ್ಲಿ ಲ್ಯಾರಿ ಮೈಜ್ 11ನೆಯ ಗ್ರೀನ್‌ನ ಬಲದಿಂದ, ಸುಮಾರು 140 ಅಡಿ ದೂರದಿಂದ, ಸ್ಯಾಂಡ್ ವೆಡ್ಜ್‌ನಿಂದಲೇ ಚೆಂಡನ್ನು ನೆಲದ ಮೇಲೆ ಪುಟಿಸಿ ಉರುಳಿಸಿ ಗುಳಿಗೆ ಹಾಕಿ ಗ್ರೆಗ್ ನಾರ್ಮನ್ ಅವರ ಕೈಗೆ ಬಂದ ಪ್ರಶಸ್ತಿ ಕಸಿದಿದ್ದರು. ಕ್ಲಬ್ಬಿನ ಲಾಫ್ಟ್ ಎಷ್ಟೇ ಇರಲಿ, ಕೈ ಮುಂದಿಟ್ಟು ಚೆಂಡನ್ನು ಹಿಂದೆ ತಂದುಕೊಂಡರೆ ಮುಖ ಎದ್ದು ನಿಲ್ಲುತ್ತದೆ, ಹೊಡೆತ ತಗ್ಗುತ್ತದೆ. 60 ಎಂಬುದು ಆ ಕೋಲಿನ ಗರಿಷ್ಠ ಮಿತಿಯೂ ಅಲ್ಲ, ಕನಿಷ್ಠವೂ ಅಲ್ಲ.

ಇದನ್ನು ಚೆನ್ನಾಗಿ ಬಲ್ಲವರು ಒಂದೇ ಕೋಲಿನಿಂದ ಆಟ ಕಲಿತವರು. ಸ್ಪೇನಿನ ಪೆಡ್ರೆನ್ಯಾ ಊರಿನ ಸೆವೆ ಬಯೆಸ್ಟೆರೋಸ್ ಹುಡುಗನಾಗಿದ್ದಾಗ ಕಡಲ ತೀರದ ಮರಳಿನ ಮೇಲೆ ಹಳೆಯ 3 ಐಯನ್ ಒಂದರಿಂದಲೇ ಎಲ್ಲ ಬಗೆಯ ಹೊಡೆತ ಕಲಿತರು. 3 ಐಯನ್‌ಗೆ ಲಾಫ್ಟ್ ಬಹಳ ಕಡಿಮೆ. ಅದರಿಂದ ಚೆಂಡನ್ನು ಎಬ್ಬಿಸಬೇಕಾದರೆ ಮುಖ ತೆರೆಯುವುದು, ಅಡಿಯನ್ನು ಜಾರಿಸುವುದು, ಹಿಡಿತ ಸಡಿಲಿಸುವುದು, ಎಲ್ಲವನ್ನೂ ಕೈಯೇ ಕಂಡುಕೊಳ್ಳಬೇಕು. 1979, 1984, 1988ರ ಓಪನ್ ಗೆದ್ದ ಆ ಕೈ ತಯಾರಾದದ್ದು ಹಾಗೆ. ನಮ್ಮಲ್ಲೂ ಆ ದಾರಿಯಲ್ಲಿ ಬಂದವರಿದ್ದಾರೆ. ಬಿಡದಿ ಹತ್ತಿರದ ಹಳ್ಳಿಯ ಚಿಕ್ಕರಂಗಪ್ಪ ಈಗಲ್‌ಟನ್ ಅಂಗಳದಲ್ಲಿ ಕ್ಯಾಡಿಯಾಗಿ ಶುರು ಮಾಡಿ ವೃತ್ತಿಪರ ಆಟಗಾರರಾದರು. ಅವರನ್ನು ಪಳಗಿಸಿದ ಕೋಚ್ ವಿಜಯ್ ದಿವೇಚಾ, ಹೆಸರಾಂತ ಆಟಗಾರ ಅನಿರ್ಬನ್ ಲಾಹಿರಿಯ ಗುರುವೂ ಹೌದು.

ಈ ನೆಲದಿಂದ ಎದ್ದ ಆಟದಲ್ಲಿ ನನಗೆ ಎಲ್ಲಕ್ಕಿಂತ ಹೆಮ್ಮೆ ತಂದದ್ದು ಅದಿತಿ ಅಶೋಕ್. ಐದನೆಯ ವಯಸ್ಸಿನಲ್ಲಿ ಕರ್ನಾಟಕ ಗಾಲ್ಫ್ ಅಸೋಸಿಯೇಷನ್‌ನಲ್ಲಿ ಕೋಲು ಹಿಡಿದ ಬೆಂಗಳೂರಿನ ಹುಡುಗಿ. 2021ರ ಆಗಸ್ಟ್‌ನಲ್ಲಿ ಟೋಕಿಯೊ ಒಲಿಂಪಿಕ್ಸ್ ಗಾಲ್ಫ್ ನಡೆದ ಕಾಸುಮಿಗಸೆಕಿಯಲ್ಲಿ ಅವರ ಬ್ಯಾಗ್ ಹೊತ್ತವರು ತಾಯಿ ಮಾಹೇಶ್ವರಿ. ಆಗ ಅದಿತಿಯ ವಿಶ್ವ ಕ್ರಮಾಂಕ 200. ಕಣದಲ್ಲಿದ್ದ 60 ಮಂದಿಯಲ್ಲಿ ಡ್ರೈವ್‌ನ ದೂರದಲ್ಲಿ ಅದಿತಿ ಕೊನೆಯ ಸಾಲಿನವರು. ಒಂದೊಂದು ಹೋಲ್‌ನಲ್ಲೂ ದೂರ ಹೊಡೆಯುವ ನೆಲ್ಲಿ ಕೋರ್ಡಾ ಅಂಥವರಿಗಿಂತ ಎಷ್ಟೋ ಹಿಂದಿನಿಂದ, ಉದ್ದನೆಯ ಕ್ಲಬ್ ಹಿಡಿದು ಗ್ರೀನ್‌ಗೆ ಹೊಡೆಯಬೇಕು, ತಪ್ಪಿದರೆ ಹತ್ತಿರದಿಂದ ಎತ್ತಿ ಗುಳಿಯ ಬಳಿ ತರಬೇಕು, ಪಟ್ ಹಾಕಬೇಕು. ನಾಲ್ಕೂ ದಿನ ಇದನ್ನು ಮಾಡಿದರು. ನಿಗದಿತ ಹೊಡೆತಗಳಿಗಿಂತ 15 ಕಡಿಮೆ, ಅಂದರೆ 15 ಅಂಡರ್‌ನಲ್ಲಿ ನಾಲ್ಕನೆಯ ಸ್ಥಾನ. ಬೆಳ್ಳಿ, ಕಂಚು ಎರಡೂ 16 ಅಂಡರ್‌ಗೆ ಹೋದವು. ಆ ಶನಿವಾರದ ಮುಂಜಾನೆ ಗಾಲ್ಫ್ ಎಂದರೇನೆಂದು ತಿಳಿಯದ ಮನೆಗಳಲ್ಲೂ ಟಿ.ವಿ. ಹಚ್ಚಿ ಕೂತಿದ್ದರು. ದೂರ ಹೊಡೆಯುವವರ ಆಟ ಇದು ಎಂದು ಹೇಳುವ ಕೋಚ್‌ಗಳಿಗೆ ಆ ನಾಲ್ಕು ದಿನಗಳ ಆಟವನ್ನು ತೋರಿಸಬೇಕೆನಿಸುತ್ತದೆ.

ಏಕೆಂದರೆ ನಮ್ಮ ಅಭ್ಯಾಸದ ಜಾಗಗಳು ಇನ್ನೂ ದೂರಕ್ಕೆಂದೇ ಕಟ್ಟಿದವು. ಡ್ರೈವಿಂಗ್ ರೇಂಜ್‌ನಲ್ಲಿ ಸಾಲುಸಾಲು ಮ್ಯಾಟ್ ಹಾಸಿರುತ್ತಾರೆ. ಮ್ಯಾಟ್ ಮೇಲೆ ವೆಡ್ಜ್ ಕಲಿಯುವುದರಷ್ಟು ಹಾನಿ ಇನ್ನೊಂದಿಲ್ಲ ಎನ್ನುವುದು ನನ್ನ ಗಟ್ಟಿ ಅಭಿಪ್ರಾಯ. ಕ್ಲಬ್ ಚೆಂಡಿಗೆ ಮೂರು ಇಂಚು ಹಿಂದೆ ಬಿದ್ದರೂ ಮ್ಯಾಟ್ ಅದನ್ನು ಜಾರಿಸಿ ಮುಂದೆ ಕಳಿಸುತ್ತದೆ, ಚೆಂಡು ಚೆನ್ನಾಗಿಯೇ ಹಾರುತ್ತದೆ, ತಪ್ಪು ಮುಚ್ಚಿಹೋಗುತ್ತದೆ. ಅದೇ ಬೀಸು ಗರಿಕೆಯ ಮೇಲೆ ಬಂದಾಗ ಮಣ್ಣು ಹಾರುತ್ತದೆ, ಚೆಂಡು ಅಲ್ಲೇ ಇರುತ್ತದೆ. ಮಕ್ಕಳನ್ನು ತರಬೇತಿಗೆ ಕಳಿಸುವ ತಂದೆತಾಯಿ ಮೊದಲು ಕೇಳಬೇಕಾದದ್ದು ಇಲ್ಲಿ ಹುಲ್ಲಿನ ಮೇಲೆ ಚಿಪ್ ಮಾಡಲು ಜಾಗ ಇದೆಯೇ, ವಾರಕ್ಕೆ ಎಷ್ಟು ಗಂಟೆ ಅಲ್ಲಿ ನಿಲ್ಲಿಸುತ್ತೀರಿ ಎಂದು. ಡ್ರೈವರ್ ಯಾವಾಗ ಕೊಡುತ್ತೀರಿ ಎಂದು ಆಮೇಲೆ ಕೇಳಬಹುದು.

ಲಾಬ್ ವೆಡ್ಜ್ ನಿಜವಾಗಿಯೂ ಬೇಕಾಗುವ ಸಂದರ್ಭಗಳು ಇವೆ. ಚೆಂಡಿಗೂ ಪಿನ್‌ಗೂ ನಡುವೆ ಬಂಕರ್, ಪಿನ್ ಬಂಕರ್‌ನ ಅಂಚಿಗೇ ಇದೆ, ಪಕ್ಕದಲ್ಲಿ ದಾರಿಯಿಲ್ಲ, ಚೆಂಡು ಒಂದಿಂಚು ಹುಲ್ಲಿನ ಮೇಲೆ ಎದ್ದು ಕೂತಿದೆ. ಇಷ್ಟೂ ಕೂಡಿ ಬಂದರೆ 60 ತೆಗೆಯಿರಿ, ಹಿಂಜರಿಯಬೇಡಿ. ಮೊದಲು ಮುಖ ತೆರೆಯಿರಿ, ಆಮೇಲೆ ಹಿಡಿಯಿರಿ. ಹಿಡಿದಮೇಲೆ ಕೈ ತಿರುಗಿಸಿದರೆ ಬೀಸುವಾಗ ಮುಖ ಮತ್ತೆ ಮುಚ್ಚಿಕೊಳ್ಳುತ್ತದೆ. ತೆರೆದ ಮುಖ ಬಲಕ್ಕೆ ನೋಡುವುದರಿಂದ, ಬಲಗೈ ಆಟಗಾರರು ತುಸು ಎಡಕ್ಕೆ ತಿರುಗಿ ನಿಲ್ಲಬೇಕು. ಚೆಂಡು ಎಡ ಹಿಮ್ಮಡಿಯ ಕಡೆಗೆ, ಕೈ ತಗ್ಗಿಸಿ, ಹಿಡಿತ ಹಗುರ. ಬೀಸು ಮಾತ್ರ ದೊಡ್ಡದು. ಬಲದ ಬಹುಪಾಲು ಎತ್ತರಕ್ಕೆ ಹೋಗುವುದರಿಂದ ಹದಿನೈದು ಗಜಕ್ಕೆ ಐವತ್ತು ಗಜದಷ್ಟು ಬೀಸಬೇಕಾಗುತ್ತದೆ. ಇಲ್ಲೇ ಕೈ ಅಳುಕುವುದು. ಚೆಂಡು ಎಲ್ಲಿ ದೂರ ಹೋಗಿಬಿಡುತ್ತದೋ ಎಂದು ಕೆಳಗೆ ಬರುವಾಗ ಬೀಸನ್ನು ನಿಧಾನಿಸುತ್ತಾರೆ, ಇಲ್ಲವೇ ಚೆಂಡನ್ನು ತಾವೇ ಎತ್ತಬೇಕೆಂದು ಮಣಿಕಟ್ಟು ಮಡಚುತ್ತಾರೆ. ಎರಡೂ ಸಲ ಅಂಚು ಚೆಂಡಿನ ಹೊಟ್ಟೆಗೆ ಬಡಿಯುತ್ತದೆ. ಎತ್ತುವ ಕೆಲಸ ಲಾಫ್ಟ್‌ನದು, ಜಾರುವ ಕೆಲಸ ಬೌನ್ಸ್‌ನದು. ಎದೆ ಪಿನ್ ಕಡೆಗೆ ತಿರುಗುತ್ತ ಬೀಸು ಮುಗಿಯುವವರೆಗೆ ವೇಗ ಕಾಪಾಡಿಕೊಳ್ಳುವುದಷ್ಟೇ ಆಟಗಾರನ ಪಾಲಿನದು. ಇದನ್ನು ನಂಬಲು ನೂರಾರು ಚೆಂಡು ಹೊಡೆಯಬೇಕು, ಬೇರೆ ದಾರಿ ನನಗೆ ತಿಳಿದಿಲ್ಲ.

ಕೊಳ್ಳುವವರು ಒಂದೇ ಲಾಬ್ ವೆಡ್ಜ್‌ಗೆ ಹಣ ಹಾಕುವುದಾದರೆ, ವರ್ಷವಿಡೀ ನಮ್ಮ ಅಂಗಳಗಳಲ್ಲಿ ಆಡುವವರಿಗೆ 58 ಡಿಗ್ರಿ ಲಾಫ್ಟ್, 8ರಿಂದ 10 ಬೌನ್ಸ್ ಇರುವುದನ್ನು ನಾನು ಹೇಳುತ್ತೇನೆ. ಕ್ಲಬ್ಬಿನ ಹಿಮ್ಮಡಿಯ ಕಡೆ, ಅಂದರೆ ದಂಡ ಸೇರುವ ಬದಿಯಲ್ಲಿ, ಅಡಿಯನ್ನು ಸ್ವಲ್ಪ ಸವರಿ ತೆಗೆದಿದ್ದರೆ ಇನ್ನೂ ಒಳ್ಳೆಯದು. ಮುಖ ತೆರೆದಾಗ ಮುಂದಿನ ಅಂಚು ಅತಿಯಾಗಿ ಏಳುವುದಿಲ್ಲ. ಮನೆಗೆ ತಂದಮೇಲೆ ಮೊದಲ ವಾರ ಚೆಂಡೇ ಬೇಡ. ಅಭ್ಯಾಸದ ಜಾಗದಲ್ಲಿ ಹುಲ್ಲಿನ ಮೇಲೆ ಸುಣ್ಣದ ಪುಡಿಯಿಂದ ಒಂದು ಗೆರೆ ಎಳೆದು, ಅದರ ಎರಡೂ ಬದಿಗೆ ಕಾಲಿಟ್ಟು ನಿಂತು, ಗೆರೆಯನ್ನೇ ಹೊಡೆಯುತ್ತ ಹೋಗಿ. ಪ್ರತಿ ಬೀಸಿನ ನಂತರ ಗರಿಕೆ ಎಲ್ಲಿ ಸವರಿಹೋಗಿದೆ ನೋಡಿ. ಗೆರೆಯ ಮೇಲೋ ಸ್ವಲ್ಪ ಮುಂದೋ ಇದ್ದು, ಮಣ್ಣು ಅಗೆಯದೆ ಹುಲ್ಲಿನ ತುದಿ ಮಾತ್ರ ಹಾರಿದ್ದರೆ ಅಡಿ ತನ್ನ ಕೆಲಸ ಮಾಡಿದೆ. ಗೆರೆಯ ಹಿಂದೆ ಹಳ್ಳ ಬಿದ್ದಿದ್ದರೆ ಎಡಗಾಲಿನ ಮೇಲೆ ಇನ್ನಷ್ಟು ಭಾರ ಹಾಕಿ ಮುಂದಿನ ಬೀಸು ಬೀಸಿ. ಸತತವಾಗಿ ಹತ್ತು ಬೀಸು ಗೆರೆಯ ಮೇಲೆ ಬಂದ ದಿನ ಚೆಂಡು ಇಡಬಹುದು.